ಬ್ಯಾಟರಿ ಹೊತ್ತು ಮಹಡಿ ಹತ್ತುವುದೋ, ಕೆಳಗೇ ಪ್ಲಗ್ ಹಾಕಿಸುವುದೋ?

"ನಮ್ಮದು ಮೂರನೇ ಮಹಡಿ. ಲಿಫ್ಟ್ ಇಲ್ಲ. ಪಾರ್ಕಿಂಗ್‌ನಲ್ಲಿ ಪ್ಲಗ್ ಹಾಕಿಸೋಕೆ ಓನರ್ ಒಪ್ಪುತ್ತಿಲ್ಲ. ಬ್ಯಾಟರಿ ಬಿಚ್ಚಿ ಮನೆಗೆ ತರುವಂಥ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡರೆ ಹೇಗೆ?"

ಬೆಂಗಳೂರಿನ ಬಾಡಿಗೆ ಮನೆಗಳಲ್ಲಿರುವ ಗೆಳೆಯರು, ನೆಂಟರು ಈ ಪ್ರಶ್ನೆಯನ್ನು ನನಗೆ ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಕೇಳಲು ಕಾರಣವೂ ಇದೆ. ಹನುಮಂತನಗರದಲ್ಲಿದ್ದಾಗ ಎರಡು ವರ್ಷ ಬ್ಯಾಟರಿ ಹೊತ್ತುಕೊಂಡು 52 ಮೆಟ್ಟಿಲು ಹತ್ತಿದವನು ನಾನು. ಮೊದಲ ತಿಂಗಳು ವ್ಯಾಯಾಮ ಅನ್ನಿಸಿತು. ಮಳೆಗಾಲ ಬರುವ ಹೊತ್ತಿಗೆ ಶಿಕ್ಷೆ ಅನ್ನಿಸಿತು. ಹಾಗಂತ ಬಿಚ್ಚುವ ಬ್ಯಾಟರಿ ಬೇಡವೇ ಬೇಡ ಅಂತಲೂ ಹೇಳಲಾರೆ. ಆ ಎರಡು ವರ್ಷ ಅದಿಲ್ಲದಿದ್ದರೆ ನಾನು ಪೆಟ್ರೋಲ್ ಬಂಕ್ ಕ್ಯೂನಲ್ಲೇ ಇರುತ್ತಿದ್ದೆ.

ಯಾವ ಗಾಡಿ ಅಂತ ನೋಡುವ ಮುಂಚೆ ನಿಮ್ಮ ಮನೆಯನ್ನು, ನಿಮ್ಮ ಬೆನ್ನನ್ನು ಸ್ವಲ್ಪ ಅಳೆದುಕೊಳ್ಳೋಣ.

ಮೊದಲು ಏನೇನು ನೋಡಬೇಕು

ತೂಕದಿಂದ ಶುರು ಮಾಡೋಣ. ಬ್ರೋಷರ್‌ನಲ್ಲಿ ಬ್ಯಾಟರಿಯನ್ನು ಕಿಲೋವ್ಯಾಟ್ ಅವರ್ ಲೆಕ್ಕದಲ್ಲಿ ಬರೆದಿರುತ್ತಾರೆ. ಹೆದರಬೇಡಿ, ಅದು ಕರೆಂಟ್ ಬಿಲ್ಲಿನ ಯೂನಿಟ್ಟೇ. ಎತ್ತೊಯ್ಯುವ ಲಿಥಿಯಂ ಬ್ಯಾಟರಿಯಲ್ಲಿ ಒಂದು ಯೂನಿಟ್‌ಗೆ ಆರರಿಂದ ಎಂಟು ಕೆಜಿ ತೂಕ ಬರುತ್ತದೆ. ಒಂದು ಯೂನಿಟ್‌ನಲ್ಲಿ ಸ್ಕೂಟರ್ ಊರೊಳಗಿನ ಓಡಾಟದಲ್ಲಿ 25ರಿಂದ 35 ಕಿಲೋಮೀಟರ್ ಓಡುತ್ತದೆ. ಈ ಎರಡು ಲೆಕ್ಕ ತಲೆಯಲ್ಲಿದ್ದರೆ ಸೇಲ್ಸ್‌ನವರು ಏನೇ ಹೇಳಿದರೂ ನೀವು ಮೋಸ ಹೋಗುವುದಿಲ್ಲ. "ಸರ್, ನೂರು ಕಿಲೋಮೀಟರ್ ರೇಂಜ್, ಬ್ಯಾಟರಿ ತುಂಬ ಲೈಟು" ಅಂದರೆ ಮನಸ್ಸಿನಲ್ಲೇ ಗುಣಿಸಿ. ನೂರು ಕಿಲೋಮೀಟರ್‌ಗೆ ಮೂರರಿಂದ ನಾಲ್ಕು ಯೂನಿಟ್ ಬೇಕು. ಅಂದರೆ ಏನಿಲ್ಲವೆಂದರೂ ಇಪ್ಪತ್ತು ಕೆಜಿಯ ಹತ್ತಿರ. ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಹೊತ್ತವರಿಗೆ ಅದೆಷ್ಟು ಲೈಟು ಅಂತ ಗೊತ್ತು.

ಎರಡನೆಯದು ವಾರಕ್ಕೆ ಎಷ್ಟು ಸಲ ಹೊರಬೇಕು ಅನ್ನುವುದು. ದಿನಕ್ಕೆ 25 ಕಿಲೋಮೀಟರ್ ಓಡಿಸುವವರಿಗೆ ಎರಡು ಯೂನಿಟ್‌ನ ಬ್ಯಾಟರಿ ಎರಡು ದಿನ ಬರುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಮೇಲೆ, ಅಷ್ಟೇ ಸಲ ಕೆಳಗೆ. ಇಳಿಸುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಗ್ಗೆ ಆಫೀಸ್ ಬ್ಯಾಗು, ಹೆಲ್ಮೆಟ್ಟು, ಊಟದ ಡಬ್ಬಿಯ ಜೊತೆ ಇಳಿಸುವಾಗಲೇ ಕಷ್ಟ ಗೊತ್ತಾಗುವುದು.

ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ: ಬ್ಯಾಟರಿ ಗಾಡಿಯಲ್ಲಿ ಎಲ್ಲಿ ಕೂತಿದೆ, ಹಿಡಿಕೆ ಹೇಗಿದೆ? ಸೀಟಿನ ಕೆಳಗಿಂದ ತೆಗೆಯುವಾಗ ಬಗ್ಗಿ, ಕೈ ಮುಂದೆ ಚಾಚಿ, ಬಾವಿಯಿಂದ ಕೊಡ ಎಳೆದ ಹಾಗೆ ಮೇಲಕ್ಕೆತ್ತಬೇಕು. ಸೊಂಟಕ್ಕೆ ಪೆಟ್ಟು ಬೀಳುವುದು ಮೆಟ್ಟಿಲಲ್ಲಿ ಅಲ್ಲ, ಈ ಎಳೆತದಲ್ಲಿ. ಹಿಡಿಕೆ ಅಗಲವಾಗಿ, ಮೆತ್ತಗಿದ್ದರೆ ಹತ್ತು ಕೆಜಿ ಹೊರಬಹುದು. ತೆಳು ಪ್ಲಾಸ್ಟಿಕ್ ಪಟ್ಟಿಯಾದರೆ ಒಂದೇ ಮಹಡಿಗೆ ಬೆರಳು ಕೆಂಪಾಗುತ್ತದೆ.

ಆಮೇಲೆ ಡಿಕ್ಕಿ. ಸೀಟಿನ ಕೆಳಗೆ ಬ್ಯಾಟರಿ ಕೂತಿತು ಅಂದರೆ ತರಕಾರಿ ಚೀಲಕ್ಕೆ ಜಾಗ ಕಮ್ಮಿ. ಬೆಲೆ, ವಾರಂಟಿ ಅಂತೂ ಇದ್ದೇ ಇವೆ.

ಒಂದು ಪರೀಕ್ಷೆ ಹೇಳುತ್ತೇನೆ. ಹತ್ತು ಕೆಜಿ ಅಕ್ಕಿ ಚೀಲವನ್ನು ಗಾಡಿ ನಿಲ್ಲಿಸುವ ಜಾಗದಿಂದ ಮನೆಗೆ, ಮನೆಯಿಂದ ಅಲ್ಲಿಗೆ ಒಂದು ವಾರ, ದಿನ ಬಿಟ್ಟು ದಿನ ಹೊರಿ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರೂ ಹೊರಲಿ. ನೀವು ಹೊರಬಹುದು, ನಿಮ್ಮಾಕೆಗೋ ಅಪ್ಪನಿಗೋ ಆಗದಿದ್ದರೆ ಆ ಗಾಡಿ ಚಾರ್ಜ್ ಮಾಡುವ ಕೆಲಸ ಶಾಶ್ವತವಾಗಿ ನಿಮ್ಮ ಹೆಗಲಿಗೇ. ವಾರದ ಕೊನೆಗೆ ಬೇಜಾರಾದರೆ ಮುಂದೆ ಓದಬೇಕಾದ್ದು ಈ ಮೊದಲ ಆಯ್ಕೆ.

ಬ್ಯಾಟರಿ ಬಿಚ್ಚದ ಗಾಡಿ, ಕೆಳಗೇ ಪ್ಲಗ್

ಏಥರ್ 450, ಟಿವಿಎಸ್ ಐಕ್ಯೂಬ್, ಓಲಾ ಎಸ್1 ಪ್ರೊ ಥರದ ಗಾಡಿಗಳಲ್ಲಿ ಬ್ಯಾಟರಿ ಗಾಡಿಯೊಳಗೇ ಭದ್ರವಾಗಿ ಕೂತಿರುತ್ತದೆ. ಬಿಚ್ಚಬೇಕಾದರೆ ಸರ್ವಿಸ್ ಸೆಂಟರ್‌ನವರೇ ಬಿಚ್ಚಬೇಕು. ಹೀಗೆ ಕೂರಿಸುವುದರಲ್ಲಿ ಲಾಭವಿದೆ. ಬ್ಯಾಟರಿ ದೊಡ್ಡದಿರಬಹುದು, ತೂಕ ಕೆಳಗಿರುವುದರಿಂದ ಗಾಡಿ ತಿರುವಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಡಿಕ್ಕಿಯೂ ಉಳಿಯುತ್ತದೆ. ಕನೆಕ್ಟರ್‌ಗೆ ದಿನಾ ಹಾಕಿ ತೆಗೆಯುವ ಸವೆತವಿಲ್ಲ.

ಇದಕ್ಕೆ ಬೇಕಾದ್ದು ಪಾರ್ಕಿಂಗ್‌ನಲ್ಲಿ ಒಂದು ಪ್ಲಗ್ ಪಾಯಿಂಟ್, ಅಷ್ಟೇ. ನಿಮ್ಮ ಮನೆಯ ಮೀಟರ್‌ನಿಂದಲೇ ವೈರ್ ಎಳೆದು, ಅದಕ್ಕೊಂದು ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆರಿಹೋಗುವ ಸ್ವಿಚ್ಚು) ಹಾಕಿ, ಬೀಗ ಹಾಕುವ ಡಬ್ಬಿಯೊಳಗೆ ಪವರ್ ಪ್ಲಗ್ ಕೂರಿಸಿದರೆ ಮುಗಿಯಿತು. ಎಷ್ಟೋ ಮನೆಗಳಲ್ಲಿ ಮೀಟರ್ ಬೋರ್ಡ್ ಇರುವುದೇ ಪಾರ್ಕಿಂಗ್‌ನಲ್ಲಿ. ಆಮೇಲೆ ಬಂದ ಮನೆಯಲ್ಲಿ ನನಗೆ ಕೂಲಿಯೂ ಸೇರಿ ನಾಲ್ಕು ಸಾವಿರದ ಆಸುಪಾಸು ಆಯಿತು. ಅರ್ಥಿಂಗ್ ಸರಿಯಿದೆಯಾ ಅಂತ ಮಾತ್ರ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಯೇ ನೋಡಿಸಿ. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವ ಐಡಿಯಾ ಬೇಡ. ಗಂಟೆಗಟ್ಟಲೆ ಲೋಡ್ ಎಳೆದರೆ ತೆಳು ವೈರ್ ಬಿಸಿಯಾಗಿ ಕರಗುತ್ತದೆ.

ಓನರ್ ಒಪ್ಪುವುದಿಲ್ಲ ಅನ್ನುವವರಿಗೆ ಒಂದು ಮಾತು. ಅವರ ಭಯ ಸಾಮಾನ್ಯವಾಗಿ ಕರೆಂಟ್ ಬಿಲ್ಲಿನದ್ದು. ಅವರಿಗೆ ಲೆಕ್ಕ ತೋರಿಸಿ. ದಿನಕ್ಕೆ 25 ಕಿಲೋಮೀಟರ್ ಅಂದರೆ ತಿಂಗಳಿಗೆ 750. ಚಾರ್ಜಿಂಗ್‌ನಲ್ಲಿ ಪೋಲಾಗುವುದೂ ಸೇರಿ 25ರಿಂದ 30 ಯೂನಿಟ್. ಅದೂ ನಿಮ್ಮ ಮೀಟರ್‌ನಲ್ಲೇ ಬರುತ್ತದೆ, ಅವರ ಮೀಟರ್‌ನಲ್ಲಲ್ಲ. ಗೃಹಜ್ಯೋತಿಯಲ್ಲಿ ಇರುವವರು ಇಲ್ಲಿ ಸ್ವಲ್ಪ ಎಚ್ಚರ. ತಿಂಗಳಿಗೆ 180 ಯೂನಿಟ್ ಬಳಸುವ ಮನೆ ಈ 30 ಸೇರಿ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಇದು ಬಿಚ್ಚುವ ಬ್ಯಾಟರಿಯವರಿಗೂ ಅಷ್ಟೇ ಅನ್ವಯ. ಮೇಲೆ ಚಾರ್ಜ್ ಮಾಡಿದರೂ ಮೀಟರ್ ಒಂದೇ ಅಲ್ವಾ.

ನನ್ನ ಹಳೇ ಓನರ್ ಎರಡು ವರ್ಷ ಒಪ್ಪಲಿಲ್ಲ. ಆಮೇಲೆ ಅವರ ಮಗಳು ಎಲೆಕ್ಟ್ರಿಕ್ ಸ್ಕೂಟರ್ ತಂದಳು. ಅದೇ ವಾರ ಪಾರ್ಕಿಂಗ್‌ಗೆ ಎರಡು ಪ್ಲಗ್ ಬಂದವು. ನಾನು ಮನೆ ಖಾಲಿ ಮಾಡಿ ಆಗಲೇ ಒಂದು ತಿಂಗಳಾಗಿತ್ತು.

ಪ್ಲಗ್ ಸಿಗುವಂತಿದ್ದರೆ, ಅಥವಾ ನಿಮ್ಮ ಆಫೀಸಿನಲ್ಲಿ ಚಾರ್ಜಿಂಗ್ ಇದ್ದರೆ, ಬಿಚ್ಚುವ ಬ್ಯಾಟರಿಗಾಗಿ ಡಿಕ್ಕಿಯನ್ನೂ ರೇಂಜನ್ನೂ ಬಿಟ್ಟುಕೊಡಬೇಡಿ.

ಎರಡು ಚಿಕ್ಕ ಬ್ಯಾಟರಿಯ ಸ್ಕೂಟರ್

ಪ್ಲಗ್ ಸಿಗುವುದೇ ಇಲ್ಲ ಅನ್ನುವವರಿಗೆ ಈಗ ಷೋರೂಮಿನಲ್ಲಿ ನೋಡಬಹುದಾದ ಮುಖ್ಯ ಗಾಡಿ ಹೀರೋ ಕಂಪನಿಯ ವಿಡಾ. 2022ರ ಅಕ್ಟೋಬರ್‌ನಲ್ಲಿ ಬಂದ ವಿ1ರಿಂದಲೂ ಅವರದ್ದು ಇದೇ ದಾರಿ: ಒಂದು ದೊಡ್ಡ ಬ್ಯಾಟರಿ ಬದಲು, ಸೀಟಿನ ಕೆಳಗೆ ಕೈಯಲ್ಲಿ ಎತ್ತಬಹುದಾದ ಒಂದೋ ಎರಡೋ. 2025ರ ಜುಲೈನಲ್ಲಿ ವಿಎಕ್ಸ್2 ಬಂದಾಗ ಅದರಲ್ಲಿ ಎರಡು ಬಗೆ ಇತ್ತು. ಗೋ ಅನ್ನುವುದಕ್ಕೆ 2.2 ಯೂನಿಟ್‌ನ ಒಂದೇ ಬ್ಯಾಟರಿ. ಪ್ಲಸ್ ಅನ್ನುವುದಕ್ಕೆ ಎರಡು ಸೇರಿ 3.4 ಯೂನಿಟ್.

ಮೇಲುನೋಟಕ್ಕೆ ಪ್ಲಸ್ ಒಳ್ಳೆಯದು ಅನ್ನಿಸುತ್ತದೆ. ಮಹಡಿ ಮನೆಯವರಿಗೆ ನನ್ನ ಮತ ಬೇರೆ. ಎರಡು ಬ್ಯಾಟರಿ ಅಂದರೆ ಒಟ್ಟು ಇಪ್ಪತ್ತು ಕೆಜಿಯ ಮೇಲೆ. ಎರಡೂ ಕೈಯಲ್ಲಿ ಒಂದೊಂದು ಹಿಡಿದರೆ ಎರಡು ಬಿಂದಿಗೆ ಹಿಡಿದ ಹಾಗೆ ಮೈ ಸಮತೂಕದಲ್ಲಿ ಇರುತ್ತದೆ ಅನ್ನುವುದು ನಿಜ. ಒಂದೇ ಕೈಯಲ್ಲಿ ಒಂದನ್ನೇ ಹೊರುವುದಕ್ಕಿಂತ ಸೊಂಟಕ್ಕೆ ಅದೇ ಹಿತ. ಆದರೆ ಮೆಟ್ಟಿಲ ಕಂಬಿ ಹಿಡಿಯಲು ಕೈ ಉಳಿಯುವುದಿಲ್ಲ. ಮನೆ ಬೀಗ ತೆಗೆಯಲೂ ಇಲ್ಲ. ಒಂದೊಂದಾಗಿ ತಂದರೆ ಎರಡು ಸಲ ಹತ್ತಿಳಿಯಬೇಕು. ದಿನಕ್ಕೆ 20–25 ಕಿಲೋಮೀಟರ್ ಸಾಕು ಅನ್ನುವವರಿಗೆ ಒಂದೇ ಬ್ಯಾಟರಿಯ ಗೋ ಸಾಕು. ಬೆಲೆಯೂ ಕಮ್ಮಿ, ಡಿಕ್ಕಿಯಲ್ಲಿ ಜಾಗವೂ ಹೆಚ್ಚು.

ಪ್ಲಸ್ ಯಾರಿಗೆ ಅಂದರೆ, ಲಿಫ್ಟ್ ಇರುವ ಅಪಾರ್ಟ್‌ಮೆಂಟಿನವರಿಗೆ ಮತ್ತು ದಿನಕ್ಕೆ 50 ಕಿಲೋಮೀಟರ್ ಓಡುವವರಿಗೆ. ಬ್ಯಾಟರಿ ಬಿಚ್ಚಲು ಬರುತ್ತದೆ ಅಂತ ವೇಗದ ಚಾರ್ಜಿಂಗ್ ತಪ್ಪಿಹೋಗುವುದಿಲ್ಲ. ವಿಡಾದ ಕನೆಕ್ಟರ್ ಏಥರ್‌ನದ್ದೇ ಆದ್ದರಿಂದ ಏಥರ್‌ನವರ ರಸ್ತೆಬದಿಯ ಚಾರ್ಜರ್‌ಗಳೂ ಹೊಂದುತ್ತವೆ. ವಾರಕ್ಕೊಮ್ಮೆ ಅಲ್ಲಿ ಒಂದು ಗಂಟೆ ಹೊತ್ತು ನಿಲ್ಲಿಸಿದರೆ ಒಂದು ಸಲದ ಹೊರೆ ತಪ್ಪುತ್ತದೆ. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಬ್ಯಾಟರಿಯ ದುಡ್ಡನ್ನು ಒಟ್ಟಿಗೆ ಕೊಡದೆ ಓಡಿಸಿದ ಕಿಲೋಮೀಟರ್‌ಗೆ ಇಷ್ಟು ಅಂತ ಕಟ್ಟುವ ಯೋಜನೆಯೂ ವಿಎಕ್ಸ್2ಗೆ ಇದೆ. ಷೋರೂಮ್ ಬೆಲೆ ಕಮ್ಮಿ ಕಾಣುತ್ತದೆ. ದಿನಾ ಜಾಸ್ತಿ ಓಡಿಸುವವರು ಐದು ವರ್ಷದ ಒಟ್ಟು ಮೊತ್ತವನ್ನು ಕಾಗದದ ಮೇಲೆ ಕೂಡಿಸಿ ನೋಡಿಯೇ ಸಹಿ ಹಾಕಿ.

ಅರ್ಧ ಬಿಚ್ಚುವ, ಅರ್ಧ ಬಿಚ್ಚದ ಗಾಡಿಯೂ ಉಂಟು. ಬೆಂಗಳೂರಿನದ್ದೇ ಕಂಪನಿಯ ಸಿಂಪಲ್ ಒನ್ 2021ರ ಆಗಸ್ಟ್ 15ರಂದು ಹೀಗೇ ಬಂತು: ಒಂದು ದೊಡ್ಡ ಬ್ಯಾಟರಿ ಒಳಗೆ, ಇನ್ನೊಂದು ಚಿಕ್ಕದು ಕೈಗೆ. ಕೇಳಲು ಚೆಂದ. ಪ್ಲಗ್ ಇಲ್ಲದವರಿಗೆ ಒಳಗಿರುವ ದೊಡ್ಡದನ್ನು ತುಂಬಿಸುವುದೇ ಸಮಸ್ಯೆ. ಪ್ಲಗ್ ಇರುವವರಿಗೆ ಚಿಕ್ಕದನ್ನು ಬಿಚ್ಚುವ ಅಗತ್ಯವೇ ಇಲ್ಲ. ರೇಂಜಿಗಾಗಿ ತಗೊಳ್ಳಿ, ಬಿಚ್ಚುವ ಅನುಕೂಲಕ್ಕಾಗಿ ಬೇಡ.

ಬ್ಯಾಟರಿ ಬದಲಿಸಿಕೊಳ್ಳುವ ಗಾಡಿ

2024ರ ನವೆಂಬರ್‌ನಲ್ಲಿ ಹೋಂಡಾ ಬೆಂಗಳೂರಿನಲ್ಲೇ ಆಕ್ಟಿವಾ ಇ ತೋರಿಸಿದಾಗ ಬಹಳ ಜನ ಇದೇ ಪರಿಹಾರ ಅಂದುಕೊಂಡರು. 1.5 ಯೂನಿಟ್‌ನ ಎರಡು ಬ್ಯಾಟರಿ. ಖಾಲಿಯಾದರೆ ಹೋಂಡಾದ ಸ್ವಾಪ್ ಸ್ಟೇಷನ್‌ಗೆ ಹೋಗಿ ಖಾಲಿಯದನ್ನು ಯಂತ್ರಕ್ಕೆ ತುರುಕಿ ತುಂಬಿದ್ದನ್ನು ತಗೊಂಡು ಬರುವುದು. ಚಾರ್ಜ್ ಆಗುವವರೆಗೆ ಕಾಯುವುದಿಲ್ಲ, ಮಹಡಿ ಹತ್ತುವುದಿಲ್ಲ, ಓನರ್ ಮುಖ ನೋಡುವುದಿಲ್ಲ.

ಆದರೆ ಒಂದು ವಿಷಯ ಜನ ಮರೆಯುತ್ತಾರೆ. ಸ್ವಾಪ್ ಅಂದರೆ ಎತ್ತುವುದೇ ಇಲ್ಲ ಅಂತಲ್ಲ. ಒಂದೊಂದು ಬ್ಯಾಟರಿಯೂ ಹತ್ತು ಕೆಜಿಯ ಆಸುಪಾಸು. ಎರಡು ಖಾಲಿ, ಎರಡು ತುಂಬಿದ್ದು, ಒಟ್ಟು ನಾಲ್ಕು ಸಲ ಎತ್ತಿ ಇಡಬೇಕು. ಸೊಂಟ ನೋವಿರುವವರು, ಬಸುರಿಯರು, ವಯಸ್ಸಾದವರಿಗೆ ಇದೂ ಕಷ್ಟವೇ.

ಇನ್ನೊಂದು ತೊಡಕು ದೊಡ್ಡದು. ಈ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜ್ ಮಾಡಲು ಆಗುವುದಿಲ್ಲ. ಸ್ಟೇಷನ್ ಇರುವ ಊರೊಳಗೇ ನಿಮ್ಮ ಲೋಕ. ಕಂಪನಿ ಹೇಳುವ ರೇಂಜ್ 102 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರಿಗೆ 70. ಹೋಗಬಹುದು, ವಾಪಸ್ ಬರಲಾರಿರಿ. ಮೈಸೂರು, ಹುಬ್ಬಳ್ಳಿ, ದಾವಣಗೆರೆಯ ಓದುಗರು ಈ ಆಯ್ಕೆಯನ್ನು ಸದ್ಯ ಪಕ್ಕಕ್ಕಿಡಿ. ಬೆಂಗಳೂರಿನವರು ಮನೆಯಿಂದ ಆಫೀಸಿನ ದಾರಿಯಲ್ಲೇ ಸ್ಟೇಷನ್ ಇದೆಯಾ, ಸಂಜೆ ಏಳು ಗಂಟೆಗೆ ಅಲ್ಲಿ ತುಂಬಿದ ಬ್ಯಾಟರಿ ಎಷ್ಟಿರುತ್ತವೆ ಅಂತ ಎರಡು ಮೂರು ದಿನ ಖುದ್ದು ನಿಂತು ನೋಡಿ. ದಾರಿ ಬಿಟ್ಟು ಮೂರು ಕಿಲೋಮೀಟರ್ ಸುತ್ತಬೇಕಾದರೆ ಒಂದು ತಿಂಗಳಲ್ಲಿ ಬೇಸತ್ತು ಹೋಗುತ್ತೀರಿ. ಗಾಡಿ ಈಗ ಷೋರೂಮಿನಲ್ಲಿ ಸಿಗುತ್ತಿದೆಯಾ ಅಂತ ಮೊದಲು ಕೇಳಿಕೊಳ್ಳುವುದೂ ಒಳ್ಳೆಯದು.

ಊಟದ ಡೆಲಿವರಿ ಮಾಡುವ ಹುಡುಗರ ಲೆಕ್ಕವೇ ಬೇರೆ. ದಿನಕ್ಕೆ ನೂರು ಕಿಲೋಮೀಟರ್ ಓಡುವವರಿಗೆ ಚಾರ್ಜ್‌ಗೆ ನಿಂತರೆ ಸಂಪಾದನೆ ನಿಂತ ಹಾಗೆ. ಅವರಿಗೆ ಗಾಡಿಯನ್ನೂ ಬ್ಯಾಟರಿಯನ್ನೂ ಬಾಡಿಗೆಗೆ ಕೊಡುವ ಸ್ವಾಪ್ ಯೋಜನೆಗಳೇ ಸರಿ.

ಕಮ್ಮಿ ಬೆಲೆಯ ಗಾಡಿ, ಮತ್ತು ಸೈಕಲ್

ಲೈಸೆನ್ಸ್ ಬೇಡ, ನೋಂದಣಿ ಬೇಡ ಅಂತ ಮಾರುವ 25 ಕಿಲೋಮೀಟರ್ ವೇಗದ ಚಿಕ್ಕ ಸ್ಕೂಟರ್‌ಗಳಲ್ಲಿ "ಬಿಚ್ಚುವ ಬ್ಯಾಟರಿ" ಅನ್ನುವ ಮಾತಿಗೆ ಅರ್ಥ ಬಹಳ ಸಡಿಲ. ನಾನು ಮೊದಲು ತಂದಿದ್ದು ಇಂಥದ್ದೇ ಒಂದು. ಬ್ರೋಷರ್‌ನಲ್ಲಿ ಬಿಚ್ಚಬಹುದು ಅಂತಿತ್ತು. ಮನೆಗೆ ತಂದ ಮೇಲೆ ನೋಡಿದರೆ ನಾಲ್ಕು ಸ್ಕ್ರೂ, ಒಂದು ಕ್ಲಾಂಪು, ಎರಡು ವೈರು. ಒಳಗೆ ಐದು ಲೆಡ್ ಆಸಿಡ್ ಬ್ಯಾಟರಿ, ಒಟ್ಟು ನಲವತ್ತು ಕೆಜಿಯ ಹತ್ತಿರ. ಬಿಚ್ಚಬಹುದು ಅನ್ನುವುದು ಸುಳ್ಳಲ್ಲ. ಗೋಡೆಯಿಂದ ಬಾಗಿಲನ್ನೂ ಬಿಚ್ಚಬಹುದು. ಈ ದರ್ಜೆಯಲ್ಲಿ ತಗೊಳ್ಳುವುದಾದರೆ ಲಿಥಿಯಂ ಬ್ಯಾಟರಿಯದ್ದನ್ನೇ ಕೇಳಿ. ಕೀಲಿ ತಿರುಗಿಸಿ, ಕನೆಕ್ಟರ್ ಎಳೆದು, ಹಿಡಿಕೆ ಹಿಡಿದು ಅರ್ಧ ನಿಮಿಷದಲ್ಲಿ ಹೊರಬಂದರೆ ಮಾತ್ರ ಅದು ಬಿಚ್ಚುವ ಬ್ಯಾಟರಿ.

ನಿಮ್ಮ ಓಡಾಟ ಹತ್ತು ಕಿಲೋಮೀಟರ್ ಒಳಗೆ ಇದ್ದರೆ, ಬಿಚ್ಚಿ ಹೊರುವ ಅನುಕೂಲದಲ್ಲಿ ಎಲ್ಲರನ್ನೂ ಸೋಲಿಸುವುದು ಎಲೆಕ್ಟ್ರಿಕ್ ಸೈಕಲ್. ಅದರ ಬ್ಯಾಟರಿ ಕಾಲು ಯೂನಿಟ್‌ನಿಂದ ಮೂರನೇ ಒಂದು ಯೂನಿಟ್‌ನಷ್ಟು. ತೂಕ ಎರಡು ಮೂರು ಕೆಜಿ. ಆಫೀಸ್ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಮೇಜಿನ ಕೆಳಗೆ ಚಾರ್ಜ್‌ಗೆ ಇಡಬಹುದು. ಕೆಲವು ಸೈಕಲ್‌ಗಳಲ್ಲಿ ಮಾತ್ರ ಬ್ಯಾಟರಿಯನ್ನು ಫ್ರೇಮ್ ಪೈಪಿನೊಳಗೆ ಕೂರಿಸಿ ಮುಚ್ಚಿಬಿಟ್ಟಿರುತ್ತಾರೆ. ನೋಡಲು ಅಂದ, ಆದರೆ ಚಾರ್ಜ್ ಮಾಡಲು ಇಪ್ಪತ್ತು ಕೆಜಿಯ ಸೈಕಲ್ಲನ್ನೇ ಮೇಲೆ ಹೊರಬೇಕು. ಮಹಡಿ ಮನೆಯವರು ಹೊರಗೆ ಕಾಣುವ, ಕೀಲಿಯಿರುವ ಬ್ಯಾಟರಿಯದ್ದನ್ನೇ ಆರಿಸಿಕೊಳ್ಳಿ.

ಮನೆಯೊಳಗೆ ತಂದ ಮೇಲೆ

ಬಿಚ್ಚುವ ಬ್ಯಾಟರಿಯ ಜೊತೆ ಒಂದು ಜವಾಬ್ದಾರಿಯೂ ಮನೆಯೊಳಗೆ ಬರುತ್ತದೆ. 2022ರ ಏಪ್ರಿಲ್‌ನಲ್ಲಿ ನಿಜಾಮಾಬಾದ್‌ನಲ್ಲೂ ವಿಜಯವಾಡದಲ್ಲೂ ಮನೆಯೊಳಗೆ ಚಾರ್ಜ್‌ಗೆ ಇಟ್ಟಿದ್ದ ಸ್ಕೂಟರ್ ಬ್ಯಾಟರಿ ಸಿಡಿದು ಜನ ಸತ್ತರು. ಆಮೇಲೆ ಸರ್ಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿತು. ಎಐಎಸ್ 156 ಅನ್ನುವ ಆ ನಿಯಮ 2022ರ ಡಿಸೆಂಬರ್‌ನಿಂದ, ಎರಡನೇ ಹಂತ 2023ರ ಮಾರ್ಚ್ ಕೊನೆಯಿಂದ ಜಾರಿಗೆ ಬಂತು. ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವವರು ಅದಕ್ಕಿಂತ ಹಳೆಯ ಬ್ಯಾಟರಿಯನ್ನು ಮನೆಯೊಳಗೆ ಚಾರ್ಜ್ ಮಾಡುವ ಮುಂಚೆ ಎರಡು ಸಲ ಯೋಚಿಸಿ. ನಾನಂತೂ ಮಾಡುವುದಿಲ್ಲ.

ಓಡಿಸಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ಅರ್ಧ ಗಂಟೆ ಆರಲಿ. ಹಾಸಿಗೆ, ಸೋಫಾ, ಮರದ ಕಪಾಟು ಬೇಡ, ಬರೀ ನೆಲದ ಮೇಲಿಡಿ. ಹೊರಗೆ ಹೋಗುವ ಬಾಗಿಲಿನ ಪಕ್ಕ ಇಡಲೇಬೇಡಿ. ಏನಾದರೂ ಆದರೆ ಓಡಿಹೋಗುವ ದಾರಿ ಅದೊಂದೇ. ಮಲಗಿದಾಗ ಚಾರ್ಜ್ ಬೇಡ. ಕಂಪನಿ ಕೊಟ್ಟ ಚಾರ್ಜರ್ ಬಿಟ್ಟು ಬೇರೆಯದು ಮುಟ್ಟಬೇಡಿ. ಕೈ ಜಾರಿ ಮೆಟ್ಟಿಲ ಮೇಲೆ ಬಿದ್ದ ಬ್ಯಾಟರಿ ಹೊರಗಿಂದ ಚೆನ್ನಾಗೇ ಕಂಡರೂ ಸರ್ವಿಸ್‌ನವರಿಗೆ ತೋರಿಸದೆ ಪ್ಲಗ್ ಹಾಕಬೇಡಿ. ಮಳೆಯಲ್ಲಿ ಬಂದ ದಿನ ಕನೆಕ್ಟರ್ ಒರೆಸಿ, ಒಣಗಿಸಿ. ನನ್ನ ಗಾಡಿ ಒಂದು ಜುಲೈನಲ್ಲಿ ಮೂರು ದಿನ ನಿಂತಿದ್ದು ಇದೊಂದೇ ಕಾರಣಕ್ಕೆ.

ಷೋರೂಮಿಗೆ ಹೋದಾಗ

ಸೇಲ್ಸ್‌ನವರು ಬ್ಯಾಟರಿ ತೆಗೆದು ತೋರಿಸುತ್ತಾರೆ. ಅವರಿಗೆ ಅಭ್ಯಾಸ, ಅವರ ಕೈಯಲ್ಲಿ ಅದು ಹೂವಿನ ಬುಟ್ಟಿಯ ಹಾಗೆ ಕಾಣುತ್ತದೆ. ನೀವೇ ತೆಗೆದು, ನೂರು ಹೆಜ್ಜೆ ನಡೆದು, ವಾಪಸ್ ಹಾಕಿ. ಹಾಕುವಾಗ ಕನೆಕ್ಟರ್ ತಡಕಾಡದೆ ಕೂರುತ್ತದೆಯಾ ನೋಡಿ, ಯಾಕೆಂದರೆ ಪಾರ್ಕಿಂಗ್‌ನ ಕತ್ತಲೆಯಲ್ಲಿ ಅದನ್ನೇ ಮಾಡಬೇಕು. ಎರಡು ಬ್ಯಾಟರಿಯ ಗಾಡಿಯಾದರೆ ಒಂದೇ ಹಾಕಿದರೂ ಓಡುತ್ತದೆಯಾ ಕೇಳಿ. ವಾರಂಟಿ ಮುಗಿದ ಮೇಲೆ ಒಂದು ಬ್ಯಾಟರಿಗೆ ಎಷ್ಟಾಗುತ್ತದೆ ಅಂತ ಕೇಳಿ, ಉತ್ತರವನ್ನು ಬರೆದು ಕೊಡಲು ಹೇಳಿ. ಗಾಡಿಯಿಂದ ಬಿಚ್ಚಿ ಮನೆಯಲ್ಲಿಟ್ಟ ಬ್ಯಾಟರಿ ಕಳುವಾದರೆ ಇನ್ಷೂರೆನ್ಸ್ ಕೊಡುತ್ತದೆಯಾ ಅನ್ನುವುದನ್ನೂ ಕೇಳಿ. ಈ ಕೊನೆಯ ಪ್ರಶ್ನೆಗೆ ನನಗೆ ಮೂರು ಷೋರೂಮಿನಲ್ಲಿ ಮೂರು ಬಗೆಯ ಉತ್ತರ ಸಿಕ್ಕಿತು. ಹಾಗಾಗಿ ಪಾಲಿಸಿ ಕಾಗದವನ್ನೇ ಕೈಗೆ ತಗೊಂಡು ಓದಿ.